ಸೂರ್ಯನಿಗೆ ಅಡ್ಡ ನಿಂತವರು

"ಸ್ವಲ್ಪ ಪಕ್ಕಕ್ಕೆ ನಿಲ್ಲಿ, ನಿಮ್ಮ ದಮ್ಮಯ್ಯ," ಎಂದು ಹಾಲ್‌ಗೇರ್ ಬೇಡಿಕೊಂಡಿದ್ದು ಅದು ಎಷ್ಟನೇ ಸಲವೋ. ಒಬ್ಬರೂ ಕದಲಲಿಲ್ಲ. ಉತ್ತರ ನಾರ್ವೆಯ ಆ ಪುಟ್ಟ ದ್ವೀಪದ ಜನವೆಲ್ಲ ಬನ್ನಿನ ಡಬ್ಬಿ, ಕಾಫಿ ಫ್ಲಾಸ್ಕುಗಳ ಸಮೇತ ಗುಡ್ಡ ಹತ್ತಿ ಬಂದು ಫೋನ್ ಟವರಿನ ಮುಂದೆ ಸಾಲಾಗಿ ನಿಂತುಬಿಟ್ಟಿದ್ದರು. ಎರಡು ತಿಂಗಳು ಮುಖ ಮರೆಸಿಕೊಂಡಿದ್ದ ಸೂರ್ಯ ಇವತ್ತು ಮಧ್ಯಾಹ್ನ ಎದುರು ಬೆಟ್ಟಗಳ ಸಂದಿಯಿಂದ ಒಂದಿಷ್ಟು ಹೊತ್ತು ಇಣುಕಿ ಹೋಗುವವನಿದ್ದ. ಅವನು ಕಾಣುವುದು ಈ ಜಾಗದಿಂದ ಮಾತ್ರ. ಮುತ್ತಜ್ಜರ ಕಾಲದಿಂದ ಬನ್ನು ತಿನ್ನುತ್ತ ಅವನನ್ನು ಎದುರುಗೊಳ್ಳುತ್ತಿದ್ದುದೂ ಇಲ್ಲೇ.

ತೊಂದರೆಯೆಂದರೆ ಟವರಿನ ಸೋಲಾರ್ ಫಲಕಗಳೂ ಇಲ್ಲೇ, ಅವರ ಬೆನ್ನ ಹಿಂದೆ ಟವರಿನ ಬುಡದ ಗೋಡೆಯ ಮೇಲಿದ್ದವು. ಕಂಪನಿಯವರು ಬಂದಿದ್ದು ಜೂನ್‌ನಲ್ಲಿ, ಇಲ್ಲಿ ನಡುರಾತ್ರಿಯೂ ಬಿಸಿಲಿರುವಾಗ. ಸೂರ್ಯ ಮುಳುಗುವುದೇ ಇಲ್ಲವೆಂದು ಹಿರಿಹಿರಿ ಹಿಗ್ಗಿ ಫಲಕ ಹಾಕಿಸಿ, ಇನ್ನು ಇದ್ಯಾಕೆ ಅಂತ ಡೀಸೆಲ್ ಜನರೇಟರನ್ನು ದೋಣಿಗೆ ಹೇರಿಕೊಂಡು ಹೋಗಿದ್ದರು. ಚಳಿಗಾಲ ಅಂತೊಂದಿದೆ ಎಂದ ಹಾಲ್‌ಗೇರ್‌ನ ಬೆನ್ನು ತಟ್ಟಿ ನಕ್ಕಿದ್ದರು. ಟವರ್ ನೋಡಿಕೊಳ್ಳುವ ಕೆಲಸ ಅವನದು. ನವೆಂಬರ್ ಕೊನೆಗೆ ಟವರ್ ಕಣ್ಣು ಮುಚ್ಚಿತು.

ಅವನ ಮಗಳು ಸಿನ್ನೊವೆ ಹೆರಿಗೆಗೆಂದು ದೂರದ ಆಸ್ಪತ್ರೆ ಸೇರಿದ್ದಳು. "ಸೂರ್ಯ ಬಂದ ಕೂಡ್ಲೇ ಫೋನ್ ಮಾಡ್ತೀನಪ್ಪಾ," ಅಂದು ಹೋಗಿದ್ದಳು. ಅವಳನ್ನು ಹೆತ್ತೇ ಅವಳಮ್ಮ ತೀರಿಕೊಂಡಿದ್ದು. ಹಾಲ್‌ಗೇರ್‌ಗೆ ಅನ್ನ ನೀರು ಸೇರುತ್ತಿರಲಿಲ್ಲ.

ಸೂರ್ಯ ಬಂದ. ಎಲ್ಲರೂ ಕೇಕೆ ಹಾಕಿ ಫೋಟೋ ತೆಗೆದುಕೊಂಡರು. ಬೋರ್ಗಿಲ್ ಚಿಕ್ಕಮ್ಮ ಫೋನನ್ನು ಮೇಲೆ ಕೆಳಗೆ ಆಡಿಸಿ ನೋಡಿದಳು.

"ಲೋ ಹಾಲ್‌ಗೇರ್, ಸಿಗ್ನಲ್ಲೇ ಇಲ್ಲವಲ್ಲೋ. ಸೂರ್ಯನ ಫೋಟೋ ಕಳಿಸೋದು ಹೆಂಗೆ? ಅದೇನು ಕೆಲಸ ಮಾಡ್ತೀಯೋ ನೀನು."

"ನೀವೆಲ್ಲ ಅಡ್ಡ ನಿಂತಿದ್ದೀರಲ್ಲ ಚಿಕ್ಕಮ್ಮ. ನೆರಳು ಬಿದ್ರೆ ಸಿಗ್ನಲ್ ಎಲ್ಲಿಂದ ಬರಬೇಕು?"

"ಹುಟ್ಟಿದಾಗಿಂದ ಇಲ್ಲೇ ನಿಂತಿದ್ದೀನಿ. ಅಡ್ಡ ಬಂದಿದ್ದು ನಿನ್ನ ಟವರು."

ಹಾಲ್‌ಗೇರ್‌ಗೆ ತಲೆ ಕೆಟ್ಟಿತು. ಅವಳ ಕೈಯಿಂದ ಊರಿಗೆಲ್ಲ ಇದ್ದ ಒಂದೇ ಬನ್ನಿನ ಡಬ್ಬಿ ಕಸಿದುಕೊಂಡು ಟವರಿನ ಹಿಂದಕ್ಕೆ ಓಟ ಕಿತ್ತ. ಬನ್ನಿಲ್ಲದ ಸೂರ್ಯ ಅವರಿಗೆ ಸೂರ್ಯನೇ ಅಲ್ಲ, ಇಡೀ ಊರೇ ಬೆನ್ನಟ್ಟಿತು. ಖಾಲಿಯಾದ ಜಾಗ ದಾಟಿ ಬಿಸಿಲು ಫಲಕಗಳ ಮೇಲೆ ಬಿತ್ತು, ಟವರಿನ ದೀಪ ಮಿಣುಕಿತು. ಅವನು ಒಂದು ಸುತ್ತು ಹಾಕಿ ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು.

"ಅಪ್ಪಾ, ನಾನು ಚೆನ್ನಾಗಿದ್ದೀನಿ. ಹೆರಿಗೆ ಆಯ್ತು."

ಅವನು ಫಲಕದ ಕೆಳಗೇ ಕುಸಿದು ಕೂತು ಗಳಗಳನೆ ಅತ್ತುಬಿಟ್ಟ. ಅದನ್ನು ಕಂಡವರು ಬನ್ನು, ಸೂರ್ಯ ಎರಡನ್ನೂ ಮರೆತರು. ಪಾಪ, ಏನಾಯಿತೋ ಎಂದು ಓಡಿಬಂದು ಸುತ್ತುಗಟ್ಟಿ, ಭುಜಕ್ಕೆ ಭುಜ ತಾಗಿಸಿ ಬಾಗಿ ನಿಂತರು.

"ಏನು ಮಗು ಗೊತ್ತಾ ಅಪ್ಪಾ..." ಅಷ್ಟರಲ್ಲಿ ಟವರಿನ ದೀಪ ಆರಿ ಫೋನು ಸತ್ತಿತು. ಅವನು ತಲೆಯೆತ್ತಿದರೆ ಆಕಾಶವಿಲ್ಲ, ಬರೀ ಕೋಟುಗಳು. ಅವರನ್ನು ಸರಿಸಿ ಎದ್ದು ನಿಲ್ಲುವಾಗ ಸೂರ್ಯ ಬೆಟ್ಟದ ಹಿಂದೆ ಹೋಗಿಯಾಗಿತ್ತು.

"ಗಂಡೋ ಹೆಣ್ಣೋ?" ಚಿಕ್ಕಮ್ಮ ಕೇಳಿದಳು.

"ನಾಳೆ ಸೂರ್ಯ ಬಂದ್ಮೇಲೆ ಗೊತ್ತಾಗುತ್ತೆ."

ಅವಳು ಅವನ ಕೈಗೊಂದು ಬನ್ನು ತುರುಕಿ, "ಅಳಬೇಡ ಮಗಾ. ನಿನ್ನೊಬ್ಬನ್ನೇ ಬಿಡ್ತೀವಾ? ನಾಳೆ ಇನ್ನೂ ಬೇಗ ಬಂದು ಎಲ್ಲರೂ ಇಲ್ಲೇ ನಿಂತ್ಕೋತೀವಿ," ಎಂದಳು.