ಹದಿನೇಳು ಪುಸ್ತಕಗಳ ಅಪರಾಧ

“ಈ ಅಕ್ಷರ ನಿಮ್ಮದೇನಾ?”

ಗ್ರಂಥಪಾಲಕರು ಪುಸ್ತಕವೊಂದನ್ನು ತೆರೆದು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನ ಮೂರು ಸಾಲು. ರೈಲ್ವೆ ಅಜ್ಜಿ ಕನ್ನಡಕ ಏರಿಸುವ ಗೋಜಿಗೂ ಹೋಗಲಿಲ್ಲ.

“ನನ್ನದೇ. ಹದಿನೇಳೂ ನನ್ನದೇ. ಒಂದೊಂದೇ ತೋರಿಸಿ ಯಾಕೆ ಕೈ ನೋಯಿಸ್ಕೋತೀರಿ?”

ಬಾಗಿಲ ಬಳಿ ನಿಂತಿದ್ದ ಗುಮಾಸ್ತನ ಮುಖ ಅರಳಿತು. ಮೂರು ವಾರದ ಹಿಂದೆ, ಇನ್ನೊಂದು ಪುಸ್ತಕದಲ್ಲಿ ಬರೆಯಲು ಪೆನ್ಸಿಲ್ ಊರುತ್ತಿದ್ದಾಗಲೇ ಅಜ್ಜಿಯನ್ನು ಹಿಡಿದು ಕಾರ್ಡು ಕಿತ್ತಿಟ್ಟುಕೊಂಡವನು ಅವನೇ. ಊರಿಗೆಲ್ಲ ಇದೊಂದೇ ಗ್ರಂಥಾಲಯ. ಇಂದು ಕಾರ್ಡು ರದ್ದಾದರೆ ಅಜ್ಜಿ ಪುಸ್ತಕ ಮನೆಗೆ ಒಯ್ದು ಓದುವುದು ಅಲ್ಲಿಗೆ ಮುಗಿಯಿತು.

ಮೂವತ್ತೆರಡು ವರ್ಷ ಅವರು ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವರು. ಯಾವ ಗಾಡಿ, ಎಷ್ಟನೇ ಪ್ಲಾಟ್‌ಫಾರ್ಮು ಎಂದು ದಾರಿ ಹೇಳುವುದು ರಕ್ತದಲ್ಲೇ ಸೇರಿಹೋಗಿತ್ತು. ನಿವೃತ್ತಿಯಾದ ಮೇಲೆ ಬಾಹ್ಯಾಕಾಶದ ಕಥೆ, ಮಾಯಾಲೋಕದ ಕಥೆಗಳ ಹುಚ್ಚು ಹತ್ತಿತು. ಆದರೆ ಅವು ಕೈಗೆ ಸಿಗಬೇಕಲ್ಲ! ಇಲ್ಲಿ ಹೊಸ ಪುಸ್ತಕ ಬಂದರೆ ಯಾರೂ ಒಳಗೆ ಇಣುಕುತ್ತಿರಲಿಲ್ಲ. ರಟ್ಟಿನ ಮೇಲಿನ ಹೆಸರು ನೋಡಿಯೇ ಕಪಾಟಿಗೆ ಸೇರಿಸುತ್ತಿದ್ದರು. ಹಾಗಾಗಿ ಚಂದ್ರನ ಹೊಟ್ಟೆಯೊಳಗಿನ ಸಮುದ್ರದ ಕಾದಂಬರಿ ಭೂಗೋಳದಲ್ಲಿ ಕೂತಿತ್ತು. ಕಾಲದಲ್ಲಿ ಹಿಂದಕ್ಕೆ ನಡೆದವನ ಕಥೆ ಗಡಿಯಾರ ರಿಪೇರಿಯ ಪಕ್ಕದಲ್ಲಿ. ಡ್ರ್ಯಾಗನ್ ಸಾಕಿದ ಹುಡುಗಿಯಂತೂ ಪಶುವೈದ್ಯದ ಸಾಲಿನಲ್ಲಿ, ಹಸುವಿನ ಕಾಲುಬಾಯಿ ರೋಗಕ್ಕೆ ಒತ್ತಿಕೊಂಡು ನಿಂತಿದ್ದಳು.

ಅಜ್ಜಿ ಎಲ್ಲವನ್ನೂ ಜಾಲಾಡಿದರು. ಸಿಕ್ಕಿದ್ದನ್ನು ತಾವೊಬ್ಬರೇ ಬಚ್ಚಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ‘ಇದು ಹಿಡಿಸಿತೇ? ಹಾಗಾದರೆ ಪಶುವೈದ್ಯದ ಕಪಾಟು, ಕೆಳಗಿನ ಸಾಲು, ಹಸಿರು ರಟ್ಟು. ಮೊದಲ ನಲವತ್ತು ಪುಟ ತಾಳ್ಮೆ ಇರಲಿ.’ ಒಂದರ ಕೊನೆಯಲ್ಲಿ ಇನ್ನೊಂದಕ್ಕೆ ದಾರಿ. ಹೀಗೆ ಹದಿನೇಳು.

“ಎಲ್ಲ ಅಳಿಸಿಬಿಡ್ತೀನಿ ಅಂದೆ, ಸರ್ ಬೇಡ ಅಂದ್ರು,” ಎಂದ ಗುಮಾಸ್ತ. “ಸಾಕ್ಷಿ ಅಂತೆ. ಒಂದೊಂದನ್ನೂ ಮನೆಗೆ ಒಯ್ದು ಪುಟಪುಟ ತಪಾಸಣೆ ಮಾಡಿದಾರೆ!”

ಫೈಲು, ಸುತ್ತೋಲೆ ಬಿಟ್ಟು ಬೇರೇನನ್ನೂ ಓದದ ಮನುಷ್ಯ ಎಂದೇ ಗ್ರಂಥಪಾಲಕರಿಗೆ ಹೆಸರಿತ್ತು. ಅವರ ಕಣ್ಣು ಕೆಂಡದಂತಿತ್ತು. ಇಷ್ಟು ಕೋಪವೇ, ಎಂದುಕೊಂಡರು ಅಜ್ಜಿ.

“‘ಆ ಹಡಗಿನ ನಾಯಕನನ್ನು ನಂಬಬೇಡಿ’ ಅಂತ ಬರ್ದಿದೀರಿ. ಓದೋರಿಗೆ ಮೊದಲೇ ಹಾಗೆ ಹೇಳ್ಬಹುದಾ?” ಎಂದರು ಗ್ರಂಥಪಾಲಕರು.

“ನಂಬಿ ಕೆಟ್ಟೋರಿಗೆ ಗೊತ್ತಾಗತ್ತೆ ಸರ್.”

ಗ್ರಂಥಪಾಲಕರು ಏನೋ ಹೇಳಲು ಬಾಯಿ ತೆರೆದು, ಗುಮಾಸ್ತನತ್ತ ನೋಡಿ ಮುಚ್ಚಿಕೊಂಡರು.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಸಿಟಿ ಬಸ್ಸಿನ ಡ್ರೈವರು, ಖಾಕಿ ಅಂಗಿಯಲ್ಲೇ.

“ಸರ್, ಅಜ್ಜೀನ ಬಿಡಿ. ಬರ್ದಿದ್ದು ನಾನು.”

“ಬೆಳಗ್ಗೆಯಿಂದ ನೀವು ನಾಲ್ಕನೆಯವರು,” ಎಂದರು ಗ್ರಂಥಪಾಲಕರು. “ದರ್ಜಿ ಒಪ್ಕೊಂಡ. ನರ್ಸಮ್ಮ ಒಪ್ಕೊಂಡ್ರು. ಪೋಸ್ಟ್‌ಮ್ಯಾನ್ ಅಂತೂ ಸಹಿ ಹಾಕೋಕೆ ಪೆನ್ನು ಕೇಳ್ದ. ಹೊರಗೆ ಕೂತಿರಿ.”

ಅವರಲ್ಲಿ ಯಾರ ಪರಿಚಯವೂ ಅಜ್ಜಿಗಿರಲಿಲ್ಲ. ಕೆಳಗಿನ ಸಾಲು, ಹಸಿರು ರಟ್ಟು ಎಂಬಷ್ಟರಿಂದಲೇ ಇಷ್ಟು ಜನ ನೆಂಟರಾಗಿದ್ದರು.

ಹೊರಡುವ ಮುನ್ನ ಡ್ರೈವರು ಮೆಲ್ಲಗೆ ಕುರ್ಚಿಯನ್ನು ಅಜ್ಜಿಯ ಹಿಂದೆ ಎಳೆದಿಟ್ಟ. ಅವರನ್ನು ಇಷ್ಟು ಹೊತ್ತು ನಿಲ್ಲಿಸಿಯೇ ಮಾತಾಡುತ್ತಿದ್ದುದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ.

ಗುಮಾಸ್ತ ಟೈಪು ಮಾಡಿದ ಹಾಳೆಯೊಂದನ್ನು ಮುಂದಿಟ್ಟ. “ತಪ್ಪಾಯ್ತು, ಇನ್ಮೇಲೆ ಬರೆಯೋದಿಲ್ಲ ಅಂತಿದೆ. ಒಂದು ಸಹಿ ಹಾಕಿ, ಕಾರ್ಡು ತಗೊಂಡು ನಡೀರಿ. ಈ ವಯಸ್ಸಲ್ಲಿ ರಾಕೆಟ್ಟು, ರಾಕ್ಷಸ ಎಲ್ಲ ಯಾಕೆ ಬೇಕು ನಿಮ್ಗೆ?”

“ನಿನ್ನ ವಯಸ್ಸಿಗೇ ಬೇಡ ಅನ್ಸಿದೆಯಲ್ಲಪ್ಪ, ನಿನಗೋಸ್ಕರ ಅಯ್ಯೋ ಅನ್ಸತ್ತೆ.” ಅಜ್ಜಿ ಹಾಳೆಯನ್ನು ಮಡಚಿ ಅವನ ಕೈಗೇ ಕೊಟ್ಟರು. “ಸಹಿ ಹಾಕಲ್ಲ. ಪುಸ್ತಕಕ್ಕೆ ನೋವಾಗಿದ್ರೆ ಕ್ಷಮೆ ಕೇಳ್ತೀನಿ, ಪೆನ್ಸಿಲ್ ಗೆರೆ ಅಳಿಸಿದ್ರೆ ಹೋಗತ್ತೆ. ಆದ್ರೆ ದಾರಿ ಹೇಳಿದ್ದು ತಪ್ಪು ಅಂತ ನನ್ನ ಕೈಯಿಂದ ಬರಿಯಲ್ಲ.”

“ಕಾರ್ಡು ವಾಪಸ್ ಕೊಟ್ರೆ ಮತ್ತೆ ಬರೀತೀರಾ?” ಎಂದರು ಗ್ರಂಥಪಾಲಕರು.

“ಅವತ್ತೇ ಬರೀತೀನಿ.”

“ಕೊಡದೇ ಇದ್ರೆ?”

“ಓದೋ ಕೋಣೆಗೆ ಕಾರ್ಡು ಬೇಡ. ಅಲ್ಲೇ ಕೂತು ಓದ್ತೀನಿ, ಅಲ್ಲೇ ಬರೀತೀನಿ. ಒಳಗೆ ಬಿಡದಿದ್ರೆ ಮೆಟ್ಟಿಲ ಮೇಲೆ ಕೂತು ಹೋಗೋ ಬರೋರಿಗೆಲ್ಲ ಬಾಯಲ್ಲೇ ಹೇಳ್ತೀನಿ. ನನ್ನ ಧ್ವನಿ ಕಡಿಮೆ ಅಂದ್ಕೋಬೇಡಿ ಸರ್, ಎರಡು ಪ್ಲಾಟ್‌ಫಾರ್ಮ್ ಆಚೆ ಕೇಳಿಸ್ತಿತ್ತು.”

ಗ್ರಂಥಪಾಲಕರು ಎದ್ದರು. ಗುಮಾಸ್ತನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ಅಜ್ಜಿ ಸೆರಗನ್ನು ಬಿಗಿಯಾಗಿ ಹೊದ್ದು, ಬಂದದ್ದು ಬರಲಿ ಎಂದು ನೆಟ್ಟಗೆ ಕೂತರು.

ಗ್ರಂಥಪಾಲಕರು ತಮ್ಮ ಚೀಲದಿಂದ ಇನ್ನೊಂದು ಪುಸ್ತಕ ತೆಗೆದು, ಕೊನೆಯ ಖಾಲಿ ಪುಟ ತೆರೆದು, ಅದರ ಮೇಲೆ ಚೂಪಾಗಿ ಕೆತ್ತಿದ ಪೆನ್ಸಿಲೊಂದನ್ನು ಇಟ್ಟು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು:

“ಹದಿನೇಳೂ ಓದಿ ಮುಗಿಸ್ದೆ ಅಮ್ಮಾ; ಇದು ಹದಿನೆಂಟನೇದು, ಇದೂ ಮುಗೀತು, ಇದರಲ್ಲಿ ನೀವು ಬರ್ಯೋ ಮೊದಲೇ ಆ ಪುಣ್ಯಾತ್ಮ ಹಿಡಿದುಬಿಟ್ಟ. ಮೊನ್ನೆಯಿಂದ ತಲೆ ಕೆಟ್ಟು ಕೂತಿದೀನಿ, ಮುಂದೆ ಯಾವ್ದು ಓದ್ಲಿ ಹೇಳಿ!”