ಎರಡನೆಯ ತಟ್ಟೆ

ಅಂದು ಬೆಳಗ್ಗೆ ಯೂರೋಟಸ್ ನದಿಯ ಮೇಲೆ ಮಂಜು ಕವಿದಿತ್ತು. ಆಲಿವ್ ಮರಗಳ ಬುಡದಲ್ಲಿ ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಬೆಳ್ಳಗಾಗಿತ್ತು. ಫಿಲಿನ್ನಾ ಎದ್ದಾಗ ಅತಿಥಿಯ ಚಾಪೆ ಖಾಲಿ. ಅವಳ ಗಂಡನ ಕಂಬಳಿಯೂ ಇಲ್ಲ. ಅವನು ತೀರಿಕೊಂಡ ಮೇಲೆ ಅವನ ವಾಸನೆ ಉಳಿದಿದ್ದದ್ದು ಅದೊಂದರಲ್ಲೇ.

ಹಿಂದಿನ ಸಂಜೆ ಅವಳಿ ದೇವರ ಎಡೆ. ಊರೆಲ್ಲ ಎರಡು ತಟ್ಟೆ ಇಟ್ಟು ಬಾಗಿಲು ತೆರೆದಿಡುವ ದಿನ. ಅಣ್ಣ ಸ್ಯೂಸ್ ದೇವನ ಮಗ, ಸಾವಿಲ್ಲದವನು. ತಮ್ಮ ಅದೇ ಬಸಿರಲ್ಲಿ ಹುಟ್ಟಿಯೂ ಮನುಷ್ಯನ ಮಗ, ಕುದುರೆ ಪಳಗಿಸುವವನು, ಕಾಳಗದಲ್ಲಿ ಸತ್ತ. ಅಣ್ಣ ತಂದೆಯನ್ನು ಬೇಡಿ, ತನ್ನ ಅಮರತ್ವದಲ್ಲಿ ಅರ್ಧ ಕೊಟ್ಟು ತಮ್ಮನನ್ನು ಉಳಿಸಿಕೊಂಡ. ಅಂದಿನಿಂದ ಇಬ್ಬರೂ ಅಗಲದೆ ಒಟ್ಟಿಗೇ ಉಣ್ಣುತ್ತಾರೆಂದು ಊರಿನ ನಂಬಿಕೆ.

ಆ ತೆರೆದ ಬಾಗಿಲಿಗೇ ಈ ಅತಿಥಿ ಬಂದಿದ್ದ. ಮೂಗು ಮುರಿದ, ಬೆರಳ ಗೆಣ್ಣುಗಳು ಜಜ್ಜಿಹೋದ ಜಟ್ಟಿ. ಬಾರ್ಲಿ ರೊಟ್ಟಿ, ಆಲಿವ್ ಕಾಯಿ ತಿಂದ. ಎರಡನೆಯ ತಟ್ಟೆ ಮುಟ್ಟಲಿಲ್ಲ. "ತಮ್ಮನಿಗಿರಲಿ" ಎಂದ. ಮಲಗುವ ಮುಂಚೆ ಕಂಬಳಿ ಕೇಳಿ ಹೊದ್ದುಕೊಂಡ. ತಮ್ಮ ಬರುವ ದಾರಿಯಲ್ಲಿ ಬಹಳ ಚಳಿಯಂತೆ. ಕಂಬಳಿ ಬೆಳಗ್ಗೆ ವಾಪಸು ಬರುತ್ತದಂತೆ.

"ಬರುತ್ತೆ, ಕಾಯ್ತಾ ಕೂತಿರು" ಎಂದು ಬೆಳಗ್ಗೆ ವಿಷಯ ಕೇಳಿ ಪಕ್ಕದ ಮನೆಯ ನಿಕಿಪ್ಪಾ ನಕ್ಕಳು. "ದೇವರಿಗೆ ಅಂತ ಬಾಗಿಲು ತೆಗ್ದೆ, ಕಳ್ಳ ಉಂಡು ಹೋದ. ಆ ಇನ್ನೊಂದು ತಟ್ಟೆನೂ ಕಟ್ಟಿಕೊಡ್ಬೇಕಿತ್ತು ಕಣೆ."

ಬಿಳಿ ನೆಲದಲ್ಲಿ ಹೆಜ್ಜೆಗುರುತು ಎದ್ದು ಕಾಣುತ್ತಿತ್ತು. ಫಿಲಿನ್ನಾ ಅದರ ಹಿಂದೆಯೇ ನಡೆದಳು. ಅದು ಗುಡ್ಡದ ಹಳೆಯ ಸಮಾಧಿಯ ಗವಿಯೊಳಗೆ ಇಳಿದಿತ್ತು. ಗವಿಯ ಬಾಯಲ್ಲಿ ಅವನು ಅದೇ ಕಂಬಳಿ ಹೊದ್ದು ಕೂತಿದ್ದ.

"ಕೊಡಪ್ಪಾ. ನಮ್ಮೆಜಮಾನರದ್ದು ಅಂತ ನಂಗೆ ಉಳಿದಿರೋದು ಅದೊಂದೇ."

ಅವನು ತಲೆಯೆತ್ತಿದ. ಅದೇ ಮುಖ, ಆದರೆ ಮೂಗು ನೆಟ್ಟಗಿತ್ತು. ಗೆಣ್ಣುಗಳಲ್ಲಿ ಗಾಯವಿಲ್ಲ. ಅಂಗೈಯಲ್ಲಿ ಲಗಾಮು ಹಿಡಿದು ಹಿಡಿದು ಕಟ್ಟಿದ ದಡ್ಡು.

"ಅಣ್ಣ ಉಂಡ್ನಾ, ಅವ್ವಾ?"

ಫಿಲಿನ್ನಾ ಅವನೆದುರು ಕೈಮುಗಿದಳು. ಉಂಡ ಎಂದಳು. ನಿನ್ನ ತಟ್ಟೆ ಹಾಗೇ ಇದೆ, ಅವನನ್ನೂ ಕರಿ, ಇಬ್ಬರೂ ಒಟ್ಟಿಗೆ ಬಂದು ಕೂತುಕೊಳ್ಳಿ ಎಂದಳು.

"ಅವನು ಕೊಟ್ಟಿದ್ದು ಅರ್ಧ ಅಲ್ವಾ, ಅವ್ವಾ? ಒಂದಿನ ಅವನು ಮೇಲೆ, ಒಂದಿನ ನಾನು. ನಾನು ಹತ್ತಿ ಬರೋಷ್ಟರಲ್ಲಿ ಅವನು ಸತ್ತವರ ಲೋಕಕ್ಕೆ ಇಳಿದಿರ್ತಾನೆ. ನಾನು ಸತ್ತಾಗಿಂದ ಅವನ ಮುಖ ನೋಡಿಲ್ಲ. ಈ ಕಂಬಳಿನ ನಂಗೆ ಅಂತ ಆ ಲೋಕದ ಬಾಗಿಲಲ್ಲಿ ಬಿಟ್ಟು ಹೋಗಿದ್ದ."

ಅಣ್ಣನ ಮೈಬಿಸಿ ಆರುವ ತನಕ ಕಂಬಳಿಯನ್ನು ಮುಖಕ್ಕೊತ್ತಿ ಹಿಡಿದಿದ್ದು, ಆಮೇಲೆ ಮಡಚಿ ಅವಳ ಕೈಗಿಟ್ಟ.