ಸಂತೃಪ್ತ ಗ್ರಾಹಕ

ಆ ಹೆಂಗಸು ಮತ್ತೊಮ್ಮೆ ಅವನ ಕಾಲುಗಳನ್ನೇ ನೋಡಿದಳು.

ಬಸ್ಸು ಹತ್ತಿದಾಗಿನಿಂದ ಅವಳದ್ದು ಅದೇ ಕೆಲಸ. ಮೊದಲು ಮುಖ, ಆಮೇಲೆ ಮಂಡಿ, ಮತ್ತೆ ಮುಖ. ನಟ ಪತ್ರಿಕೆಯನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದ. ಅಂಚಿನಿಂದ ಇಣುಕಿದರೆ ಅವಳು ಸೀಟು ಬದಲಿಸಿ ಎದುರಿಗೇ ಬಂದು ಕೂತಿದ್ದಳು. ಗಟ್ಟಿಮುಟ್ಟಾದ ಹೆಂಗಸು. ತೊಡೆಯ ಮೇಲೆ ಚೀಲ, ಕೈಯಲ್ಲಿ ಮೊಬೈಲು.

"ಟೀವೀಲಿ ಬರೋರು ನೀವೇ ಅಲ್ವಾ? ಆ ಮಂಡಿ ಪಟ್ಟಿ ಕಟ್ಕೊಳ್ಳೋರು?"

"ಅಲ್ಲಮ್ಮ. ಬೇರೆ ಯಾರೋ ಇರಬೇಕು."

"ದನೀನೂ ಅದೇ ಇದೆ."

ಬಸ್ಸು ನಿಂತಿತು. ಅವನು ಇಳಿಯಬೇಕಾದ ಜಾಗ ಇನ್ನೂ ದೂರವಿತ್ತು. ಆದರೂ ಇಳಿದುಬಿಟ್ಟ. ಬೆನ್ನ ಹಿಂದೆ ಚಪ್ಪಲಿಯ ಸದ್ದು ಕೇಳಿತು. ಅವಳೂ ಇಳಿದಿದ್ದಳು.

ಎಷ್ಟೋ ವರ್ಷ ರಂಗದ ಮೇಲೆ ರಾಜನ ಪಾರ್ಟು ಮಾಡಿದರೂ ಅವನನ್ನು ಬೀದಿಯಲ್ಲಿ ಗುರುತಿಸಿದವರಿರಲಿಲ್ಲ. ಗುರುತು ಸಿಕ್ಕಿದ್ದು ಶಾಪಿಂಗ್ ಚಾನೆಲ್ಲಿನಿಂದ. ಅಲ್ಲಿಯೂ ಹೆಸರಿಲ್ಲ. ಪರದೆಯ ಕೆಳಗೆ 'ಸಂತೃಪ್ತ ಗ್ರಾಹಕ' ಎಂದಷ್ಟೇ ಬರುತ್ತಿತ್ತು. ಜಾಹೀರಾತಿನ ಮೊದಲರ್ಧ ಕಪ್ಪು ಬಿಳುಪು. ಅವನು ಗೋಡೆ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲು ಹತ್ತುತ್ತಾನೆ. ಪಟ್ಟಿ ಕಟ್ಟಿಕೊಂಡ ಕೂಡಲೇ ಬಣ್ಣ ಬರುತ್ತದೆ, ಸಂಗೀತ ಬರುತ್ತದೆ, ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಾನೆ. ಮಗು ಕ್ಯಾಮೆರಾದವನದು. ಪಕ್ಕದಲ್ಲಿ ಬಿಳಿ ಕೋಟು ತೊಟ್ಟು ಗಂಭೀರವಾಗಿ ತಲೆಯಾಡಿಸುವ ಡಾಕ್ಟರು ಚಾನೆಲ್ಲಿನ ವ್ಯಾನಿನ ಡ್ರೈವರು. 'ಇನ್ನು ಕೆಲವೇ ಪಟ್ಟಿಗಳು ಉಳಿದಿವೆ' ಎಂದು ಮೂಲೆಯಲ್ಲಿ ಇಳಿಯುವ ಅಂಕಿ, ಮರುದಿನ ಮತ್ತೆ ಮೇಲಿನಿಂದಲೇ ಇಳಿಯಲು ಶುರು ಮಾಡುತ್ತದೆ.

ನಟನ ಮಂಡಿಗೆ ಹುಟ್ಟಿದಾಗಿನಿಂದ ನೋವೆಂದರೇನೆಂದೇ ಗೊತ್ತಿಲ್ಲ. ಅವನ ಸ್ವಂತ ಅತ್ತೆ ತನಗೊಂದು ಪಟ್ಟಿ ತಂದುಕೊಡೆಂದಾಗ, "ಬರೀ ರಬ್ಬರು ಅತ್ತೆ, ಸುಮ್ನಿರಿ" ಎಂದು ಚಾನೆಲ್ ಬದಲಿಸಿದ್ದ.

ಹೋದ ವಾರ ಕೂದಲು ಬೆಳೆಸುವ ಎಣ್ಣೆಯ ಸಂತೃಪ್ತ ಗ್ರಾಹಕ ಮಾರುಕಟ್ಟೆಯಲ್ಲಿ ಜನರ ಕೈಗೆ ಸಿಕ್ಕಿಬಿದ್ದಿದ್ದ. ಅವನು ಈಗಲೂ ಒಂದೇ ಮಗ್ಗುಲಲ್ಲಿ ಮಲಗುತ್ತಾನೆ. ಅದು ನೆನಪಾಗಿ ನಟ ಹೆಜ್ಜೆ ಚುರುಕು ಮಾಡಿದ. ನಡೆಯುತ್ತಲೇ ಜಾಹೀರಾತಿನ ನಿರ್ದೇಶಕನಿಗೆ ಫೋನು ಮಾಡಿದ.

"ಒಬ್ಬಳು ಬೆನ್ನು ಹತ್ತಿದಾಳೆ. ಗುರುತು ಹಿಡಿದುಬಿಟ್ಲು."

"ಮಾತಾಡಬೇಡ, ಒಪ್ಕೋಬೇಡ. ಕಾಲಿಗೆ ಬುದ್ಧಿ ಹೇಳು," ಎಂದು ನಿರ್ದೇಶಕ ಫೋನಿಟ್ಟ.

ಹಣ್ಣಿನ ಗಾಡಿಗಳ ನಡುವೆ ನುಸುಳಿದ. ಅವಳೂ ನುಸುಳಿದಳು. ಚಪ್ಪಲಿ ಅಂಗಡಿಯ ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಹೊರಬಿದ್ದ. ಅಲ್ಲಿಯೂ ಅವಳೇ.

"ಒಂದು ನಿಮಿಷ ನಿಲ್ಲಿ," ಎಂದು ಕೂಗಿದಳು. "ಜಾಸ್ತಿ ಏನಿಲ್ಲ, ನೋಡಬೇಕಿತ್ತು ಅಷ್ಟೇ."

ನೋಡಿಕೊಳ್ಳುತ್ತೇನೆ ಎಂದೇ ಅವನಿಗೆ ಕೇಳಿಸಿತು. ಈಗ ಓಡಿದ. ರಸ್ತೆಯ ಮೇಲಿನ ಕಾಲುಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಮೇಲಿನಿಂದ ತಿರುಗಿ ನೋಡಿದರೆ ಅವಳು ಕೆಳಗೆ ನಿಂತು ಮೊಬೈಲನ್ನು ಅವನತ್ತ ಗುರಿಯಿಟ್ಟಿದ್ದಳು. ಆ ಬದಿಗೆ ಇಳಿದವನೇ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದಕ್ಕೆ ನುಗ್ಗಿದ.

"ಯಾರು, ಹೆಂಡತಿಯಾ?" ಇಸ್ತ್ರಿಯವನು ತಲೆಯೆತ್ತದೆ ಕೇಳಿದ.

"ಗಿರಾಕಿ."

"ಹಾಗಾದ್ರೆ ಇನ್ನೂ ಒಳಗೆ ಹೋಗಿ."

ತೂಗುಹಾಕಿದ ಕೋಟುಗಳ ಹಿಂದೆ ಉಸಿರು ಬಿಗಿಹಿಡಿದು ನಿಂತ. ಸ್ವಲ್ಪ ಹೊತ್ತಿಗೆ ಅವಳ ದನಿ ಅಂಗಡಿಯ ಹೊರಗೇ ಕೇಳಿತು. ಫೋನಿನಲ್ಲಿದ್ದಳು. ಏದುಸಿರು.

"ಹೂಂ, ಸಾಕ್ಷಿ ಸಿಕ್ತು. ವಿಡಿಯೋ ಮಾಡ್ಕೊಂಡಿದೀನಿ. ಇನ್ನು ಅನುಮಾನವೇ ಬೇಡ. ಇವತ್ತೇ ಇದನ್ನ ಮುಗಿಸಿಬಿಡೋಣ."

ಪೊಲೀಸು, ಕೋರ್ಟು, ಪತ್ರಿಕೆಯಲ್ಲಿ ಫೋಟೋ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ವಿಚಿತ್ರವೆಂದರೆ, ಅವುಗಳ ಹಿಂದೆಯೇ ಆ ಹೆಂಗಸಿನ ಮನೆಯೂ ಕಣ್ಣ ಮುಂದೆ ಬಂತು. ಇಷ್ಟು ದೂರ ಅಟ್ಟಿಸಿಕೊಂಡು ಬರಬೇಕಾದರೆ ಅವಳ ಮನೆಯಲ್ಲಿ ಯಾರಿಗೋ ಎಷ್ಟು ನೋವಿರಬೇಕು. ಆ ಯಾರೋ ಒಬ್ಬರು ರಬ್ಬರು ಕಟ್ಟಿಕೊಂಡು, ಇನ್ನೇನು ಬಣ್ಣ ಬರುತ್ತದೆ, ಸಂಗೀತ ಬರುತ್ತದೆ ಎಂದು ಕಾದು ಕೂತಿರಬೇಕು. ಅವರನ್ನು ನಂಬಿಸಿದ್ದು ಡ್ರೈವರಿನ ಬಿಳಿ ಕೋಟಲ್ಲ. ತಾನು ಹಲ್ಲು ಕಚ್ಚಿದ ರೀತಿ. ಅದನ್ನು ಅವನು ಚೆನ್ನಾಗಿಯೇ ಮಾಡಿದ್ದ.

ಹೇಳಿಬಿಡಬೇಕು. ಹೊಡೆದರೆ ಹೊಡೆಯಲಿ, ದೂರು ಕೊಟ್ಟರೆ ಕೊಡಲಿ.

ಕೋಟುಗಳನ್ನು ಸರಿಸಿ ಹೊರಬಂದ. ಅವಳು ಅಲ್ಲಿರಲಿಲ್ಲ. ರಸ್ತೆಯಂಚಿನಲ್ಲಿ ನಿಂತಿದ್ದ ಬಸ್ಸಿನೊಳಗೆ ಅವಳ ಚೀಲ ಮರೆಯಾಗುತ್ತಿತ್ತು. ಬಸ್ಸು ಹೊರಟಿತು.

ನಟ ಅದರ ಹಿಂದೆ ಓಡಿದ. ರಾಜನ ಪಾರ್ಟಿನಲ್ಲಿಯೂ ಹಾಗೆ ಓಡಿದವನಲ್ಲ. ಒಬ್ಬ ಸೈಕಲ್ಲಿನವನನ್ನು ಹಿಂದೆ ಹಾಕಿದ, ಗುಂಡಿಯೊಂದನ್ನು ಹಾರಿದ, ಕೊನೆಗೂ ಅವಳ ಕಿಟಕಿಯ ಸಮಕ್ಕೆ ಬಂದ. ಎಲ್ಲ ಸುಳ್ಳಮ್ಮ ಎನ್ನಲು ಬಾಯಿ ತೆರೆದ. ಉಸಿರು ಬಂತು, ಮಾತು ಬರಲಿಲ್ಲ. ಕಿಟಕಿಯೊಳಗಿಂದ ಅವಳು ಅರಳಿದ ಮುಖದಿಂದ ಅವನನ್ನು ನೋಡಿದಳು, ಮತ್ತೆ ಕೆಳಗೆ ಕಾಲುಗಳನ್ನು ನೋಡಿದಳು, ಮೊಬೈಲನ್ನು ಅತ್ತ ತಿರುಗಿಸಿ ಹಿಡಿದಳು. ಅದರಲ್ಲಿ ಹಾಸಿಗೆಯ ಮೇಲೆ ಮಲಗಿದ್ದ ಮುದುಕರೊಬ್ಬರ ಮುಖವಿತ್ತು.

"ನೋಡಿದ್ರಾ ಅಪ್ಪಾ," ಕಿವಿ ಮಂದವಾದವರಿಗೆ ಹೇಳುವಂತೆ ಅವಳು ಗಟ್ಟಿಯಾಗಿ ಹೇಳುತ್ತಿದ್ದಳು, "ಬಸ್ಸಿನ ಸಮಕ್ಕೆ ಓಡ್ತಾ ಇದಾರೆ. ನಾಳೆ ಮಂಡಿ ಆಪರೇಷನ್ ಬೇಡ ಅಂತ ಡಾಕ್ಟರಿಗೆ ಹೇಳ್ಬಿಡಿ, ಪಟ್ಟಿನೇ ತರಿಸೋಣ."